ಗಂಟಲಿನಿಂದ ಬಂದ ಕೆಂಪು

ರವಿಕಿರಣನನ್ನು ಗುಂಡಿಗೆ ಕೆಡವಿದ್ದು 'ಸ್ವಲ್ಪ' ಎನ್ನುವ ಒಂದೇ ಒಂದು ಮಾತು.

ಯಲಹಂಕ ಹಳೇ ಊರಿನ ಸೀರೆ ಅಂಗಡಿಯೊಂದರಲ್ಲಿ ಅವನು ಫ್ಯಾನ್ಸಿ ಸೀರೆ ಕೌಂಟರಿನ ಸೇಲ್ಸ್‌ಮನ್. ಮಾಲೀಕ ಅಪ್ಪಾಸಾಹೇಬರು ಇಳಕಲ್ಲಿನಿಂದ ಸೀರೆ ಗಂಟು ಹೊತ್ತು ಬಂದು ಇಲ್ಲಿ ಅಂಗಡಿ ಹಾಕಿದವರು. ಬೆಂಗಳೂರಿನ ನೀರಿಗೆ ತಲೆಗೂದಲೆಲ್ಲ ಉದುರಿದರೂ ಅವರ ನಾಲಿಗೆ ಮಾತ್ರ ಇಳಕಲ್ಲಿನಲ್ಲೇ ಉಳಿದಿತ್ತು. ಅವರು ಒಂದು ಸಂಜೆ ಎಲ್ಲರನ್ನೂ ಕರೆದು ಕೇಳಿದರು:

"ನಿಮ್ಮೊಳಗ ಯಾರಿಗರ ಫ್ರೆಂಚ್ ಬರ್ತದೇನ್ರೋ?"

ಪಕ್ಕದ ಕೌಂಟರಿನ ಮನೋಹರ್ ಪ್ರಾಮಾಣಿಕವಾಗಿ "ಇಲ್ಲ ಸಾರ್" ಅಂದ. ಮನೋಹರ್ 'ಇಲ್ಲ' ಅಂದನಲ್ಲ ಎಂಬ ಖುಷಿಗೇ ರವಿಕಿರಣ, "ನಂಗೆ ಸ್ವಲ್ಪ ಬರುತ್ತೆ ಸಾರ್" ಅಂದುಬಿಟ್ಟ. ಅವನಿಗೆ ಬರುತ್ತಿದ್ದ ಫ್ರೆಂಚೆಂದರೆ 'ಮೆರ್ಸಿ', ಅಂದರೆ ಥ್ಯಾಂಕ್ಸ್, ಎಂಬ ಒಂದು ಪದ. ಅದೂ ಕೋಗಿಲು ಕ್ರಾಸಿನ ಬ್ಯೂಟಿ ಪಾರ್ಲರ್ ಬೋರ್ಡಿನ ಮೇಲೆ ಓದಿದ್ದು.

ಹಾಗೆ ಬಾಯಿ ಜಾರುವುದಕ್ಕೆ ಕಾರಣವೂ ಇತ್ತು. ಮಹಡಿಯ ಪಟ್ಟೆ ಸೀರೆ ವಿಭಾಗದ ಹಿರಿಯರು ಕೆಲಸ ಬಿಟ್ಟು ಹೋಗಿ, ಆ ಗಾದಿ ಖಾಲಿ ಬಿದ್ದಿತ್ತು. ಅದು ರವಿಕಿರಣನಿಗೋ ಮನೋಹರನಿಗೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಗಾದಿ ಸಿಗದವನು ನೆಲಮಾಳಿಗೆಯ ಲೈನಿಂಗ್ ಕೌಂಟರಿಗೆ ಇಳಿಯಬೇಕಿತ್ತು. ಅಲ್ಲಿ ಕಿಟಕಿಯಿಲ್ಲ, ಗಾಳಿಯಿಲ್ಲ. ದಿನವಿಡೀ ಬ್ಲೌಸ್ ಪೀಸು ಹಿಡಿದು ಬರುವ ಹೆಂಗಸರು "ಇದು ಮ್ಯಾಚ್ ಆಗಲ್ಲ, ಇನ್ನೊಂದ್ ತೆಗೀರಿ" ಎನ್ನುವುದನ್ನು ಕೇಳುತ್ತ ಮುದುಕನಾಗಬೇಕು.

ಅಪ್ಪಾಸಾಹೇಬರು ವಿಷಯ ಬಿಡಿಸಿ ಹೇಳಿದರು. ಇಲ್ಲೇ ಯಲಹಂಕದ ಹತ್ತಿರದ ಸಿಂಗಾಪುರ ಹಳ್ಳಿಯ ಮುನಿಕೃಷ್ಣಮ್ಮ ಅವರ ಹಳೇ ಗಿರಾಕಿ. ಆಕೆಯ ಮಗ ಸುನೀಲ್ ವಿದ್ಯಾರಣ್ಯಪುರದಲ್ಲಿ ಜಿಮ್ ನಡೆಸುತ್ತಾನೆ. ಅಲ್ಲಿಗೆ ವ್ಯಾಯಾಮಕ್ಕೆ ಬರುತ್ತಿದ್ದ ಸೋಲೆನ್ ಎಂಬ ಫ್ರೆಂಚ್ ಹುಡುಗಿಯ ಜೊತೆ ಅವನ ಮದುವೆ ಗೊತ್ತಾಗಿದೆ. ನಾಳೆ ಮದುವೆಯ ಜವಳಿ ತೆಗೆಯಲು ಬರುತ್ತಾರೆ. ಮುನಿಕೃಷ್ಣಮ್ಮನ ಮನೆತನದಲ್ಲಿ ಒಂದು ಪದ್ಧತಿ: ಧಾರೆ ಸೀರೆಯ ಬಣ್ಣವನ್ನು ಹೆಣ್ಣು ಹೆತ್ತವನೇ ಬಾಯಿಬಿಟ್ಟು ಹೇಳಬೇಕು. ಬೇರೆ ಯಾರು ಆರಿಸಿದರೂ ಆ ಸೀರೆ ಮಂಟಪ ಹತ್ತುವಂತಿಲ್ಲ. ಆ ತಂದೆಯೋ ಫ್ರಾನ್ಸಿನ ಯಾವುದೋ ಸಣ್ಣ ಊರಿನವನು. ಇಂಗ್ಲಿಷಿನ ಗಂಧವೂ ಇಲ್ಲ.

"ಬಣ್ಣದ ಹೆಸರಷ್ಟ ಬಂದ್ರ ಸಾಕು ರವಿ. ನಾಳಿ ಸಂಜೀಕ ನೀನ ಕೂಡು. ಛಲೋ ಆತಂದ್ರ ಮ್ಯಾಲಿನ ಗಾದಿ ನಿಂದು. ಇಲ್ಲಂದ್ರ ಕೆಳಗ ಲೈನಿಂಗ್ ಐತಲ್ಲ," ಎಂದು ಅಪ್ಪಾಸಾಹೇಬರು ಎದ್ದರು.

ಮರುದಿನ ಬೆಳಿಗ್ಗೆ ಕೋಗಿಲಿನ ಬಾಡಿಗೆ ಮನೆಯಲ್ಲಿ ರವಿಕಿರಣ ಕಾಫಿಯನ್ನೂ ಕುಡಿಯದೆ ಫೋನು ಹಿಡಿದು ಕೂತ. ವಿಡಿಯೋದಲ್ಲಿ ಒಬ್ಬಳು ಹುಡುಗಿ ಒಂದೊಂದೇ ಬಣ್ಣ ತೋರಿಸಿ ತುಟಿ ಸೊಟ್ಟ ಮಾಡುತ್ತಿದ್ದಳು. ಅವಳು ಬರೆಯುವುದಕ್ಕೂ ನುಡಿಯುವುದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಹಸಿರು ಎಂದು ನಾಲ್ಕಕ್ಷರ ಬರೆದು 'ವೇರ್' ಎಂದು ನಿಲ್ಲಿಸುತ್ತಾಳೆ; ಕೊನೆಯ ಅಕ್ಷರಕ್ಕೆ ಮಾತೇ ಇಲ್ಲ. ಬಿಳಿ ಎಂದು ಐದಕ್ಷರ ಬರೆದು ಮೂಗಿನಲ್ಲಿ 'ಬ್ಲಾಂ' ಎನ್ನುತ್ತಾಳೆ. ಕೆಲಸ ಮಾಡದ ಈ ಅಕ್ಷರಗಳನ್ನೆಲ್ಲ ಯಾಕೆ ಮನೆಯಲ್ಲಿಟ್ಟು ಸಾಕುತ್ತಾರೋ ಎಂದು ರವಿಕಿರಣನಿಗೆ ಸಿಟ್ಟು ಬಂತು.

ಅದನ್ನೂ ಹೇಗೋ ನುಂಗಿಕೊಂಡ. ಆದರೆ ಕೆಂಪಿಗೆ ಬಂದಾಗ ಗಾಡಿ ನಿಂತಿತು. 'ರೂಜ್' ಅನ್ನಬೇಕು. ಆ 'ರ' ನಾಲಿಗೆಯದಲ್ಲ, ಗಂಟಲಿನದು. ನಾಲಿಗೆಯಿಂದ ಹೇಳಿದರೆ ಫ್ರೆಂಚರಿಗೆ ಅರ್ಥವೇ ಆಗುವುದಿಲ್ಲ ಎಂದು ಹುಡುಗಿ ಎಚ್ಚರಿಸಿದಳು. ಧಾರೆ ಸೀರೆ ಎಂದರೆ ಮುಕ್ಕಾಲು ಪಾಲು ಕೆಂಪು. ಆ ಒಂದು 'ರ' ಕೈಕೊಟ್ಟರೆ ತನ್ನ ಜೀವನ ಲೈನಿಂಗ್ ಬಟ್ಟೆಯಲ್ಲಿ ಮುಗಿಯಿತು ಎಂದುಕೊಂಡ. ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಸಾಧನೆ ಶುರುಮಾಡಿದ.

"ಖ್ರ್... ಘ್ರ್... ಘ್ರೂಜ್..."

ಕೆಳಗಿನ ಮನೆಯಲ್ಲಿದ್ದ ಮನೆ ಓನರ್ ವರಲಕ್ಷ್ಮಮ್ಮ ಈ ಸದ್ದು ಕೇಳಿ ಮೆಟ್ಟಿಲು ಹತ್ತಿ ಓಡಿಬಂದರು. ಆಕೆ ಕೋಗಿಲು ಬರೀ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು.

"ಏನ್ ಮೋನಿಷಾ, ನಿನ್ ಗಂಡ ಇಂಗ್ಯಾಕೆ ಗೊರಗೊರ ಅಂತವ್ನೆ? ಜೀವಕ್ಕೇನಾರ ಆಗೈತಾ?"

ರವಿಕಿರಣನ ಹೆಂಡತಿ ಮೋನಿಷಾ ಮಹಡಿಯ ಗಾದಿಯ ವಿಷಯವನ್ನು ಅದಾಗಲೇ ಅರ್ಧ ಬೀದಿಗೆ ಹೇಳಿ ಮುಗಿಸಿದ್ದಳು. "ಏನಿಲ್ಲ ಆಂಟಿ, ಪ್ರಮೋಷನ್‌ಗೆ ಪ್ರಾಕ್ಟೀಸ್ ಮಾಡ್ತಿದಾರೆ," ಅಂದಳು.

"ಪ್ರಮೋಸನ್ ಸುದ್ದಿ ಬೀದಿಗೆಲ್ಲ ಏಳಿದ್ದೀಯ, ದೃಷ್ಟಿ ಆಗ್ದೆ ಇನ್ನೇನಾಯ್ತದೆ?" ಎಂದ ವರಲಕ್ಷ್ಮಮ್ಮ, ಬಚ್ಚಲಿನಿಂದ ಹೊರಬಂದವನನ್ನು ಹಿಡಿದು ಕೂರಿಸಿದರು. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ದೃಷ್ಟಿ ತಾಗಿದ್ದರೆ ಘಾಟೇ ಬರುವುದಿಲ್ಲವಂತೆ. ಇಲ್ಲಿ ಮಾತ್ರ ಇಡೀ ಮನೆ ಸೀನಿತು. ರವಿಕಿರಣ ಕಣ್ಣು ಮೂಗಲ್ಲೆಲ್ಲ ನೀರು ಸುರಿಸುತ್ತ, ಕೆಮ್ಮುತ್ತ, ಕೆಮ್ಮಿನ ನಡುವೆಯೇ ಮತ್ತೊಮ್ಮೆ 'ರೂಜ್' ಅಂದು ನೋಡಿದ.

ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ತಾಹೆರಾ ಕಿವಿ ನೆಟ್ಟಗೆ ಮಾಡಿದಳು. ಬೀದಿಯ ಮಕ್ಕಳಿಗೆ ಮನೆಯಲ್ಲೇ ಅರಬ್ಬಿ ಓದಿಸುವವಳು ಅವಳು. ಯಾವ ಅಕ್ಷರ ತುಟಿಯದು, ಯಾವುದು ಗಂಟಲಿನದು ಎಂಬ ವಿಷಯದಲ್ಲಿ ಒಬ್ಬ ಮಗುವಿಗೂ ರಿಯಾಯಿತಿ ಕೊಟ್ಟವಳಲ್ಲ.

"ಅರೆ ರವಿ ಭಾಯ್, ಅದು ನಮ್ದು ಅರಬ್ಬಿ ಅಕ್ಷರ 'ಗೈನ್' ಅಲ್ವಾ! ನೀವು ಯಾಕೆ ಹಂಗೆ ಕೊಲೆ ಮಾಡ್ತೀರ ಅದನ್ನ? ನಾಲಿಗೆ ಸುಮ್ನೆ ಮಲಗಿಸಿ. ಗಂಟಲಲ್ಲಿ ನೀರು ಮುಕ್ಕಳಿಸೋ ಜಾಗ ಇದೆಯಲ್ಲ, ಅಲ್ಲಿಂದ ಬರ್ಬೇಕು. ಅನ್ನಿ."

"ಘ..."

"ಊಹ್ಞೂ. ಅದು ಹೊಟ್ಟೆಯಿಂದ ಬಂತು. ಇನ್ನೊಂದ್ಸಲ."

ತಾಹೆರಾ ಬಿಡಲಿಲ್ಲ. ಅವಳ ಪುಟ್ಟ ವಿದ್ಯಾರ್ಥಿಗಳು ಸುತ್ತ ಕೂತು, ತಮಗಿಂತ ದಡ್ಡ ಒಬ್ಬ ಸಿಕ್ಕಿದನಲ್ಲ ಎಂದು ಸಂತೋಷಪಟ್ಟರು. ಮೆಣಸಿನಕಾಯಿ ಹೊಗೆ ಗಂಟಲನ್ನು ಹದವಾಗಿ ಕೆರೆದಿಟ್ಟಿತ್ತೋ ಏನೋ, ಕೊನೆಗೊಮ್ಮೆ ಆ ಸದ್ದು ಎಣ್ಣೆ ಹಾಕಿದ ಬಾಗಿಲಿನಂತೆ ನುಣ್ಣಗೆ ತೆರೆದುಕೊಂಡಿತು. ವಿಡಿಯೋದ ಹುಡುಗಿಯನ್ನೂ ಇವನನ್ನೂ ಒಟ್ಟಿಗೆ ಕೇಳಿಸಿದರೆ ಯಾರದು ಯಾವುದು ಎಂದು ಹೇಳುವಂತಿರಲಿಲ್ಲ. "ಮಾಷಾ ಅಲ್ಲಾ!" ಎಂದು ತಾಹೆರಾ ಬೆನ್ನು ತಟ್ಟಿದಳು. ಬಹಳ ದಿನಗಳ ಮೇಲೆ ರವಿಕಿರಣನಿಗೆ ತಾನೂ ಏನೋ ಒಂದು ಮಾಡಬಲ್ಲೆ ಅನ್ನಿಸಿತು.

ಆ ಧೈರ್ಯ ಬಸ್ಸಿನ ತನಕವೂ ಉಳಿಯಲಿಲ್ಲ. ಕಲಿತದ್ದು ಮರೆತುಹೋಗುತ್ತದೆ ಎಂಬ ಭಯಕ್ಕೆ ಸೀಟಿನಲ್ಲಿ ಕೂತು ಗಂಟಲೊಳಗೇ ಗೊರಗೊರ ಎಂದು ಕೆಂಪು, ಬೂದು, ಕಪ್ಪಿನ ಫ್ರೆಂಚ್ ಹೆಸರುಗಳನ್ನು ಉರು ಹೊಡೆಯತೊಡಗಿದ. ಪಕ್ಕದಲ್ಲಿದ್ದವನು ಅವನ ಮುಖ ನೋಡಿ, ತನ್ನ ಬಿಳಿ ಪ್ಯಾಂಟು ನೋಡಿ, ತಟ್ಟನೆ ಎದ್ದು ನಿಂತ.

"ಗುರು, ನೀವು ಕಿಟಕಿ ಕಡೆ ಬಂದ್ಬಿಡಿ. ಕಂಡಕ್ಟ್ರೇ, ಇವ್ರಿಗೆ ಒಂದು ಕವರ್ ಇದ್ರೆ ಕೊಡ್ರೀ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಒಬ್ಬಾಕೆ ಕರುಣೆಯಿಂದ ನಿಂಬೆಹಣ್ಣು ಕೊಟ್ಟಳು. ರವಿಕಿರಣ ಎರಡು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಹೋದ.

ಅಂಗಡಿಯಲ್ಲಿ ಇನ್ನೊಂದು ಸಂಕಟ. ಗಿರಾಕಿಯ ಮುಂದೆ ಫೋನು ತೆಗೆದರೆ ಗಾದಿಗೆ ಅವಮಾನ ಎಂಬುದು ಅಪ್ಪಾಸಾಹೇಬರ ಕಾನೂನು. ಬಂದ ಕೂಡಲೇ ಎಲ್ಲರ ಫೋನೂ ಗಲ್ಲಾದ ಪಕ್ಕದ ಡಬ್ಬಿ ಸೇರಬೇಕು. ಫೋನಿನ ಜೊತೆ ವಿಡಿಯೋದ ಹುಡುಗಿಯೂ ಡಬ್ಬಿಗೆ ಬಿದ್ದಳು. ಮನೋಹರ್ ಮಾತ್ರ ಬೆಳಿಗ್ಗೆಯಿಂದ ಸಂಜೆವರೆಗೆ ಸಹಾಯ ಮಾಡುವವನಂತೆ ಹಿಂದೆ ಮುಂದೆ ಸುತ್ತಿದ.

"ಮಗಾ, ಹಸಿರಿಗೆ ಏನಂದೆ?"

"ವೇರ್."

"ರಾಮಾ ಹಸಿರಿಗೆ?"

"ಅದಕ್ಕೂ ವೇರೇ."

"ಗಿಣಿಹಸಿರು? ಬಾಟಲ್ ಗ್ರೀನು? ಮೆಹಂದಿ? ಎಲ್ಲದಕ್ಕೂ ಒಂದೇ ಅಂದ್ರೆ ಅವ್ರು ಯಾವ್ದನ್ನ ಕೇಳ್ತಿದಾರೆ ಅಂತ ಹೆಂಗೋ ತಿಳ್ಕೋತೀಯ? ಹೋಗ್ಲಿ, ಬದನೇಕಾಯಿ ಬಣ್ಣಕ್ಕೆ ಏನು? ಈರುಳ್ಳಿ ಸಿಪ್ಪೆ ಬಣ್ಣಕ್ಕೆ?"

ರವಿಕಿರಣನ ತಲೆ ಗಿರ್ರೆಂದಿತು. ಒಂದು ಹಸಿರಿನಲ್ಲಿ ಹತ್ತು ಹಸಿರು ಬಲ್ಲ ಜನ ನಾವು. ಅವರು ಹೇಗೆ ಸೀರೆಯಿಲ್ಲದೆ ಬದುಕುತ್ತಾರೋ ಎಂದುಕೊಂಡ. ಯಾರಾದರೂ ಬಾಗಿಲು ತಳ್ಳಿದಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದ.

ಸಂಜೆ ಅವರು ಬಂದೇಬಂದರು. ಮುಂದೆ ಮುನಿಕೃಷ್ಣಮ್ಮ, ಹಿಂದೆ ಬಾಗಿಲಿಗೆ ತಲೆ ತಗ್ಗಿಸಿ ಸೋಲೆನ್ನಳ ತಂದೆ, ಉದ್ದನೆಯ ಬೀಗರು. ಅಪ್ಪಾಸಾಹೇಬರೇ ಮಹಡಿಗೆ ಕರೆದೊಯ್ದು ಗಾದಿಯ ಮೇಲೆ ಕೂರಿಸಿದರು. ಬೀಗರು ಕಾಲು ಎಲ್ಲಿಡುವುದೆಂದು ತಿಳಿಯದೆ, ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು.

"ಉಡ್ಗೀನ ಕರ್ಕಂಬರಕ್ಕೆ ಸುನೀಲ ಓಗವ್ನೆ. ಎಬ್ಬಾಳದ ಪ್ಲೈಓವರ್ ಮ್ಯಾಗೆ ಸಿಕ್ಕಾಕಂಡವ್ರಂತೆ," ಅಂದರು ಮುನಿಕೃಷ್ಣಮ್ಮ. "ಅವ್ರು ಬರೋಗಂಟ ಕೂತ್ಕಂಡ್ರೆ ರಾವುಕಾಲ ಬಂದ್ಬಿಡ್ತದೆ. ನೀನೇ ಕೇಳಪ್ಪ ನಮ್ ಬೀಗ್ರನ್ನ, ಯಾವ್ ಬಣ್ಣ ಅಂತ."

ರವಿಕಿರಣ ಬೆವರೊರೆಸಿಕೊಂಡ. ನಾಲಿಗೆಯನ್ನು ಮಲಗಿಸಿದ. ಅಪ್ಪಟ ಕೆಂಪು ಸೀರೆಯೊಂದನ್ನು ಹರವಿ, ಗಂಟಲಿನ ಆ ಗುಟ್ಟಿನ ಜಾಗದಿಂದ ಶಬ್ದ ತೆಗೆದ.

"ರೂಜ್?"

ಬೀಗರ ಕಣ್ಣು ಅಗಲವಾಯಿತು. ಊರು ಬಿಟ್ಟ ಮೇಲೆ ಮಗಳನ್ನು ಬಿಟ್ಟರೆ ಬೇರೆ ಯಾರ ಬಾಯಲ್ಲೂ ತಮ್ಮ ಭಾಷೆ ಕೇಳದಿದ್ದವರು ರವಿಕಿರಣನ ಎರಡೂ ಕೈ ಹಿಡಿದುಕೊಂಡು ಒಂದೇ ಸಮನೆ ಮಾತಿನ ಮಳೆ ಸುರಿಸಿದರು. ಒಂದು ಪದ ಸರಿಯಾಗಿ ಅಂದುಬಿಟ್ಟರೆ ಎದುರಿನವರು ಸಾವಿರ ಪದ ವಾಪಸು ಕೊಡುತ್ತಾರೆಂದು ವಿಡಿಯೋದವಳು ಹೇಳಿರಲಿಲ್ಲ. ಆ ಮಳೆಯಲ್ಲಿ ಅವನ ಕೈಗೆ ಸಿಕ್ಕಿದ್ದು ಎರಡೇ ಹನಿ: ಒಂದು 'ರೂಜ್', ಇನ್ನೊಂದು 'ವೇರ್'.

"ಏನಂತವ್ರೆ?" ಮುನಿಕೃಷ್ಣಮ್ಮ ಮುಂದಕ್ಕೆ ಬಾಗಿದರು.

"ಕೆಂಪು... ಮತ್ತೆ ಹಸಿರು ಅಂತಿದಾರಮ್ಮ."

"ನೋಡ್ದಾ! ಪರದೇಸದೋರಾದ್ರೂ ಮುತ್ತೈದೆ ಬಣ್ಣಾನೇ ಬಾಯಾಗೆ ಬಂತು!"

ರವಿಕಿರಣನಿಗೆ ಜೀವ ಬಂತು. ಹಸಿರಂಚಿನ ಕೆಂಪು ಸೀರೆ ಹರವಿದ. ಬೀಗರು ತಲೆಯಾಡಿಸಿ ಮತ್ತೆ ಮಾತಾಡಿದರು. ಮತ್ತದೇ ರೂಜ್, ಮತ್ತದೇ ವೇರ್. ಕೆಂಪಂಚಿನ ಹಸಿರು ಸೀರೆ ಹರವಿದ. ಬೀಗರು ಒಂದು ಕೈಯಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು ಹಿಡಿದು, ಎರಡನ್ನೂ ಒಂದಕ್ಕೊಂದು ತಾಗಿಸಿ ತೋರಿಸಿದರು.

"ಎರಡೂ ಸೇರಿರ್ಬೇಕಂತೆ. ಗಂಗಾ ಜಮುನಾ ಅಂಚು ಕೇಳ್ತಿದಾರೆ," ಎಂದು ರವಿಕಿರಣ ಒಂದು ಕಡೆ ಕೆಂಪಂಚು, ಇನ್ನೊಂದು ಕಡೆ ಹಸಿರಂಚು ಇರುವ ಸೀರೆಗಳ ಕಟ್ಟನ್ನೇ ಬಿಚ್ಚಿದ.

ಬೀಗರು ಬೆರಳಿನಿಂದ ತಮ್ಮ ಕಣ್ಣು ಮುಟ್ಟಿಕೊಂಡರು. ಒಮ್ಮೆ ಈ ಕಣ್ಣು, ಒಮ್ಮೆ ಆ ಕಣ್ಣು. ಧ್ವನಿ ಸ್ವಲ್ಪ ನಡುಗುತ್ತಿತ್ತು.

"ಇದೇನಪ್ಪ?"

ಇಷ್ಟು ಹೊತ್ತಿಗೆ ರವಿಕಿರಣನಿಗೆ ಭಾಷಾಂತರ ಕೈಹತ್ತಿತ್ತು. "ಕಣ್ಣಲ್ಲಿ ನೀರು ಬರ್ತಿದೆಯಂತಮ್ಮ. ಮಗಳನ್ನ ಕೊಟ್ಟು ಹೋಗ್ಬೇಕಲ್ಲ... ಹೆತ್ತ ಕರುಳು," ಅಂದ.

ಮುನಿಕೃಷ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಳ್ಬೇಡಿ ಬೀಗ್ರೇ, ಮಗ್ಳಂಗೆ ನೋಡ್ಕತೀನಿ ಅಂತ ಏಳಪ್ಪ." ರವಿಕಿರಣ ಏನು ಹೇಳಿಯಾನು? ಗಂಭೀರವಾಗಿ ಬೀಗರ ಕಡೆ ತಿರುಗಿ, "ರೂಜ್... ವೇರ್... ಮೆರ್ಸಿ," ಅಂದ. ಬೀಗರ ಮುಖ ಕೆಂಪಾಯಿತು. ದಡಕ್ಕನೆ ಎದ್ದು ಕಪಾಟಿನ ಕಡೆ ಹೊರಟರು. ಕಾಲು ಜೋಮು ಹಿಡಿದಿರಬೇಕೆಂದು ರವಿಕಿರಣ ಓಡಿ ಕುರ್ಚಿ ತಂದು ಭುಜ ಒತ್ತಿ ಕೂರಿಸಿದ.

"ಸುನೀಲಂಗೊಂದು ಫೋನ್ ಆಕಿ ಕೇಳ್ಲಾ?" ಎಂದರು ಮುನಿಕೃಷ್ಣಮ್ಮ.

"ಬೇಡಮ್ಮಾ, ಗಾಡಿ ಓಡಿಸ್ತಿರ್ತಾರೆ. ನಾನಿದೀನಲ್ಲ," ಅಂದ ರವಿಕಿರಣ. ನಿಲ್ಲಿಸಲು ಇದೇ ಸಮಯ ಎಂದು ಒಳಗಿನಿಂದ ಯಾರೋ ಕೂಗುತ್ತಿದ್ದರು. ಅಷ್ಟರಲ್ಲಿ ಅಪ್ಪಾಸಾಹೇಬರು ಬಾದಾಮಿ ಹಾಲಿನ ಲೋಟ ಹಿಡಿಸಿಕೊಂಡು ಬಂದು, ಕೆಂಪು ಹಸಿರು ಸೀರೆಗಳ ಗುಡ್ಡ ನೋಡಿ, "ಶಾಬಾಶ್ ಮಗನ! ಏನ್ ಮಾತಾಡ್ತಿಯೋ!" ಎಂದು ಬೆನ್ನಿಗೆ ಗುದ್ದಿದರು. ಹಿಂದೆ ಲೋಟ ಹಿಡಿದು ನಿಂತಿದ್ದ ಮನೋಹರನ ಮುಖ ಇಳಿದುಹೋಗಿತ್ತು. ಆ ಮುಖ ನೋಡಿದ ಮೇಲೆ ನಿಲ್ಲಿಸುವ ಶಕ್ತಿ ರವಿಕಿರಣನಲ್ಲಿ ಉಳಿಯಲಿಲ್ಲ. ಇನ್ನೊಂದು ಕೆಂಪು ಸೀರೆ ಹರವಿದ.

ಆಗಲೇ ಮೆಟ್ಟಿಲ ಮೇಲೆ ಸುನೀಲನೂ ಸೋಲೆನ್ನಳೂ ಕಾಣಿಸಿಕೊಂಡಿದ್ದು.

ಬೀಗರು ಮಗಳನ್ನು ಕಂಡದ್ದೇ ಕುರ್ಚಿಯಿಂದ ಹಾರಿದರು. ಸೀರೆ ಗುಡ್ಡ ತೋರಿಸಿದರು, ಕಣ್ಣು ತೋರಿಸಿದರು, ಕೊನೆಗೆ ರವಿಕಿರಣನ ಕಡೆಗೆ ಬೆರಳು ಮಾಡಿದರು. ಕೇಳುತ್ತ ಕೇಳುತ್ತ ಅವಳ ಹುಬ್ಬು ಗಂಟಾಯಿತು. ಅವಳು ಕನ್ನಡ ಕಲಿತದ್ದು ಮುನಿಕೃಷ್ಣಮ್ಮನ ಅಡುಗೆಮನೆಯಲ್ಲಿ. ಫ್ರೆಂಚರ ಬಾಯಿಗೂ ಸಿಂಗಾಪುರದ ಬಾಯಿಗೂ 'ಹ'ಕಾರ ಅಷ್ಟಕ್ಕಷ್ಟೇ ಆದ್ದರಿಂದ ಭಾಷೆ ಚೆನ್ನಾಗಿಯೇ ಕೂಡಿಬಂದಿತ್ತು.

"ಅತ್ತೆ, ಅಪ್ಪಂಗೆ ಕೆಂಪು, ಅಸಿರು ಎರಡೂ ಒಂದೇ ತರ ಕಾಣ್ತದೆ. ಉಟ್ಟಿದಾಗಿಂದ ಅಂಗೇ. ಮೊದ್ಲಿಂದ ಅದನ್ನೇ ಏಳ್ತಾ ಇದ್ರಂತೆ: ನನ್ ಕಣ್ಣಿಗೆ ಎರಡೂ ಒಂದೇ, ಕೆಂಪು ಅಸಿರು ಬಿಟ್ಟು ಬೇರೆ ಏನಾದ್ರೂ ತೋರಿಸಿ ಅಂತ."

"ಮತ್ತೆ ಈ ಯಪ್ಪ ಎತ್ತ ಕರುಳು ಅಂದ್ನಲ್ಲ?" ಮುನಿಕೃಷ್ಣಮ್ಮ ನಿಧಾನವಾಗಿ ಕೇಳಿದರು. "ನಾನು ಅತ್ತಿದ್ದೇ ಬಂತಾ?"

ಇನ್ನು ನಿಜವೇ ಗತಿ ಅನ್ನಿಸಿತು ರವಿಕಿರಣನಿಗೆ. ಕೈ ಮುಗಿದ. "ಕ್ಷಮಿಸ್ಬಿಡಿ ಮೇಡಂ. ನಂಗೆ ಫ್ರೆಂಚ್ ಬರಲ್ಲ. ಇವತ್ತು ಬೆಳಿಗ್ಗೆ ಬಣ್ಣದ ಹೆಸರು ಅಷ್ಟೇ ಕಲ್ತಿದ್ದು. ಅವ್ರು ಹೇಳಿದ್ದರಲ್ಲಿ ಒಂದು ಮಾತೂ ಅರ್ಥ ಆಗ್ಲಿಲ್ಲ. ದಯವಿಟ್ಟು ಅವ್ರಿಗೆ ಹೇಳಿ." ಹೇಳುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಸೋಲೆನ್ ಮರುಗಿದಳು. ಅಪ್ಪನ ತೋಳು ಹಿಡಿದು ಎಲ್ಲವನ್ನೂ ಸಮಾಧಾನವಾಗಿ ವಿವರಿಸಿದಳು. ಬೀಗರು ರವಿಕಿರಣನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಇಲ್ಲವೆಂದು ಖಂಡಿತವಾಗಿ ತಲೆಯಾಡಿಸಿ, ಚುಟುಕಾಗಿ ಏನೋ ಹೇಳಿ ಮೆಟ್ಟಿಲಿಳಿದರು.

"ಏನಂದ್ರು ಮೇಡಂ?"

ಸೋಲೆನ್ ದನಿ ತಗ್ಗಿಸಿದಳು. "ಅಪ್ಪ ನಂಬ್ತಿಲ್ಲ. ನೀವು ಸುಳ್ಳು ಏಳ್ತಿದೀರ ಅಂತಾರೆ. ಬಾಸೆ ಬರದೇ ಇರೋರು ಅಂಗೆ 'ರೂಜ್' ಅನ್ನಕ್ಕೆ ಆಗದೇ ಇಲ್ವಂತೆ. ನಮ್ ಊರಿನೋರೇ ಮಾತಾಡ್ದಂಗಿತ್ತಂತೆ. ಎಲ್ಲಾ ಅರ್ಥ ಆಗಿನೂ, ಕಣ್ಣು ಸರಿ ಇಲ್ದೋನು ಅಂತ ಬೇಕಂತಲೇ ಗೇಲಿ ಮಾಡಿದ್ರಿ ಅಂತ ತುಂಬಾ ಬೇಜಾರ್ ಮಾಡ್ಕೊಂಡಿದಾರೆ."

ಬೀಗರ ಹಿಂದೆ ಮಗಳು ಹೋದಳು, ಮಗಳ ಹಿಂದೆ ಸುನೀಲ್ ಹೋದ. ಮುನಿಕೃಷ್ಣಮ್ಮ ಹೋಗುವಾಗ ಅಪ್ಪಾಸಾಹೇಬರ ಮುಖವನ್ನೂ ನೋಡಲಿಲ್ಲ. ಕಿಟಕಿಯಿಂದ ನೋಡುತ್ತಿದ್ದಂತೆ ಅವರೆಲ್ಲ ರಸ್ತೆ ದಾಟಿ ಎದುರಿನ ಸೀರೆ ಅಂಗಡಿ ಹೊಕ್ಕರು. ಅಲ್ಲಿ ಯಾರಿಗೂ ಫ್ರೆಂಚಿನ ಒಂದಕ್ಷರವೂ ಬಾರದು. ಬಾದಾಮಿ ಹಾಲು ಆರುವುದರೊಳಗೆ ಅರಿಶಿನ ಬಣ್ಣದ ಧಾರೆ ಸೀರೆ ಕಟ್ಟಿಸಿಕೊಂಡು, ನಗುತ್ತ ಹೊರಗೆ ಬಂದರು.

ರವಿಕಿರಣ ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಮಾಡಿ ಸೀರೆ ಮಡಚತೊಡಗಿದ. ಅಪ್ಪಾಸಾಹೇಬರು ಸೊಂಟದಿಂದ ಮಹಡಿ ಕಪಾಟಿನ ಬೀಗದ ಕೈ ತೆಗೆದು ಮನೋಹರನ ಕೈಗಿಟ್ಟರು.

"ನಾಳಿಂದ ಕೆಳಗ ಹೋಗಪಾ ರವಿ," ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ಇಷ್ಟು ಛಲೋ ಮಾತಾಡಬಾರದಿತ್ತು ನೀ."